ನಾಲ್ಕನೇ ಉತ್ತರ

ಭಾನುವಾರ, ಊಟವಾದ ಮೇಲೆ

ಲಾಯದಲ್ಲಿ ನೆರೆದಿರುವ ಸಮಸ್ತ ಅಶ್ವಾರೋಹಿ ಮಹಾಜನರೇ, ಲಗಾಮು ಹಿಡಿದ ಲಲನೆಯರೇ, ಲದ್ದಿ ಬಾಚುವ ಸಾಹಸಿಗಳೇ, ಬಿದ್ದವರೇ, ಬಿದ್ದೆದ್ದವರೇ, ಇನ್ನೂ ಬೀಳಲಿರುವವರೇ! ಕುದುರೆ ಸವಾರರ ಹೆಲ್ಮೆಟ್ ತಯಾರಿಸುವ ಕಾರ್ಖಾನೆಯ ದೂರು ವಿಭಾಗದ ಪರವಾಗಿ, ಲೋಕಹಿತಕ್ಕಾಗಿ ಮತ್ತು ತಲೆಹಿತಕ್ಕಾಗಿ ನಾಲ್ಕು ಮಾತು ಆಡಲು ಎದ್ದು ನಿಂತಿದ್ದೇನೆ. ಚಪ್ಪಾಳೆ ಕೊನೆಗಿರಲಿ, ಕೆಮ್ಮು ಈಗಲೇ ಮುಗಿಯಲಿ.

ಸಭೆ ಖಾಲಿ ಎಂದು ನನಗೆ ಗೊತ್ತು. ಇರುವವಳು ನೀನೊಬ್ಬಳೇ, ಅದೂ ಒಂದು ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟುಕೊಂಡು, ಉಗುರು ಕಚ್ಚುತ್ತಾ. ಹಾಗಾಗಿ ಭಾಷಣ ಬಿಟ್ಟು ಪತ್ರಕ್ಕೆ ಬರುತ್ತೇನೆ.

ಪ್ರೀತಿಯ ಮಿಡತೆಗೆ ಅಮ್ಮನ ಆಶೀರ್ವಾದಗಳು.

ತಡವಾದದ್ದಕ್ಕೆ ಬೈಯಬೇಡ. ನಮ್ಮ ವಿಭಾಗದ ನಿಯಮದ ಪ್ರಕಾರ ಯಾವ ಗ್ರಾಹಕರ ಪತ್ರವೂ ಎರಡು ವಾರಕ್ಕಿಂತ ಹೆಚ್ಚು ಕಾಲ ಮೇಜಿನ ಮೇಲೆ ಕೂರುವಂತಿಲ್ಲ. ಮಗಳ ಪತ್ರಕ್ಕೆ ಅಂಥ ನಿಯಮವನ್ನು ಯಾರೂ ಮಾಡದ ಕಾರಣ ಅದು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬದ ಕೆಳಗೆ ಹಾಯಾಗಿ ಮಲಗಿತ್ತು. ಇನ್ನೊಂದು ಕಾರಣವೂ ಇದೆ. ಆಫೀಸಿನಲ್ಲಿ ಒಂದು ಕೆಲಸ ಹಿಡಿದಿದ್ದೆ; ಅದು ದಡ ಸೇರುವ ತನಕ ನಿನಗೆ ಬರೆಯಬಾರದು ಎಂದು ಹಟ ಹಿಡಿದಿದ್ದೆ. ಈಗ ದಡ ಕಾಣುತ್ತಿದೆ. ಆ ಕೆಲಸದ ಕಥೆಯೇ ಈ ಪತ್ರ.

ಮೊದಲು ಮನೆಯ ಸುದ್ದಿ. ನಾವಿಬ್ಬರೂ ಚೆನ್ನಾಗಿದ್ದೇವೆ, ಫ್ರಿಜ್ ಮಾತ್ರ ಗೊರಕೆ ಹೊಡೆಯುತ್ತಿದೆ. ನಿಮ್ಮಪ್ಪ ಅದಕ್ಕೆ ಪೈಪೋಟಿ ಕೊಡುತ್ತಿದ್ದಾರೆ. ಅವರು ಕಲಿಸುವ ಡ್ರೈವಿಂಗ್ ಸ್ಕೂಲಿನಲ್ಲಿ ಈ ತಿಂಗಳು ಹೊಸಬರು ಹೆಚ್ಚು. ಕಲಿಸುವವರ ಕಾಲ ಬಳಿ ಇನ್ನೊಂದು ಬ್ರೇಕ್ ಇರುತ್ತದಲ್ಲ, ಇಡೀ ದಿನ ಅದನ್ನು ಒತ್ತಿ ಒತ್ತಿ ಮನೆಗೆ ಬಂದ ಮೇಲೂ ಆ ಕಾಲಿಗೆ ರಜೆ ಇಲ್ಲ. ಟೀವಿಯಲ್ಲಿ ಕಾರು ಜೋರಾಗಿ ತಿರುಗಿದರೆ ಒತ್ತುತ್ತಾರೆ. ಪಕ್ಕದ ಮನೆಯ ಮಗು ಮೆಟ್ಟಿಲಿಳಿದರೆ ಒತ್ತುತ್ತಾರೆ. ಮೊನ್ನೆ ನಾನು ಅಡುಗೆಗೆ ಉಪ್ಪು ಹಾಕುವಾಗಲೂ ಕುರ್ಚಿಯಿಂದ ಧಪ್ಪನೆ ಸದ್ದು ಬಂತು.

"ಏನ್ರೀ ಅದು?" ಎಂದೆ.

"ಸ್ಪೀಡ್ ಜಾಸ್ತಿ ಆಯ್ತು ಕಣೇ," ಎಂದರು. ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು.

ನಿನ್ನ ಪತ್ರ ಅರ್ಧ ಹಾಳೆ. ಅದರಲ್ಲಿ ಮುಕ್ಕಾಲು ಪಾಲು ನಿಮ್ಮ ಲಾಯದ ಆ ದಪ್ಪ ಕಂದು ಕುದುರೆ ಜಮೀನ್ದಾರನ ಸುದ್ದಿ: ಅವನಿಗೆ ನೆಗಡಿ, ಅವನು ಕ್ಯಾರೆಟ್ ಬೇಡವೆಂದ, ಅವನಿಗೆ ಹೊಸ ಲಾಳ. ಇಷ್ಟು ವಿವರವಾಗಿ ನೀನು ನಿನ್ನ ಸೋದರತ್ತೆಯ ಆರೋಗ್ಯದ ಬಗ್ಗೆಯೂ ಕೇಳಿದವಳಲ್ಲ. ಕೊನೆಯಲ್ಲಿ ಒಂದೇ ಒಂದು ಸಾಲು ನಿನ್ನ ಬಗ್ಗೆ: "ಬೆಳಗಿನ ಸವಾರಿ ಬಿಟ್ಟು ಮೇವು, ನೀರು, ಜೀನುಗಳ ಉಸ್ತುವಾರಿ ನೋಡ್ಕೋತಿದ್ದೀನಮ್ಮಾ, ಅದೇ ಆರಾಮು." ಆರಾಮು! ಒಂಬತ್ತು ವರ್ಷದವಳಿದ್ದಾಗ ಸೋಫಾದ ತೋಳಿನ ಮೇಲೆ ಕಾಲು ಇಳಿಬಿಟ್ಟು ಕುಳಿತು, ಅಪ್ಪನ ಬೆಲ್ಟನ್ನು ಲಗಾಮು ಮಾಡಿಕೊಂಡು, ಆ ಸೋಫಾವನ್ನು ನಾಗಾಲೋಟದಲ್ಲಿ ಓಡಿಸಿ ಕೊನೆಗೂ ಅದರ ಕಾಲು ಮುರಿದವಳು ನೀನು. ಅಂಥವಳಿಗೆ ಹುಲ್ಲಿನ ಕಟ್ಟು ಎಣಿಸುವುದು ಆರಾಮು ಎಂದರೆ ನಂಬೋಣ. ನಂಬಿದ್ದೇನೆ ಎಂದು ಸದ್ಯಕ್ಕೆ ಇಟ್ಟುಕೋ.

ಈಗ ಆಫೀಸು. ನೀನು ಚಿಕ್ಕವಳಿದ್ದಾಗ ಶಾಲೆಯಲ್ಲಿ "ನಮ್ಮಮ್ಮ ಎಲ್ರಿಗೂ ಟೋಪಿ ಹಾಕೋ ಕಂಪ್ನಿಲಿ ಇದ್ದಾರೆ" ಎಂದು ಹೇಳಿ ಟೀಚರನ್ನು ಗಾಬರಿ ಮಾಡಿದ್ದೆಯಲ್ಲ, ಕಂಪನಿ ಈಗಲೂ ಅಲ್ಲೇ ಇದೆ, ನಾನೂ ಅಲ್ಲೇ ಇದ್ದೇನೆ, ದೂರುಗಳೂ ಅಲ್ಲೇ ಬರುತ್ತಿವೆ. ಈ ತಿಂಗಳ ಆಯ್ದ ದೂರುಗಳನ್ನು ಕೇಳು. ಒಬ್ಬರು ಬರೆದಿದ್ದಾರೆ: ಹೆಲ್ಮೆಟ್ ಹಾಕಿಕೊಂಡರೆ ಅವರ ಕುದುರೆಗೆ ಅವರ ಗುರುತು ಸಿಗುವುದಿಲ್ಲವಂತೆ, ಅಪರಿಚಿತರನ್ನು ಕಂಡಂತೆ ಮೂಗು ಊದುತ್ತದಂತೆ. ಇನ್ನೊಬ್ಬರ ಹೆಲ್ಮೆಟ್ಟಿನೊಳಗೆ ಬೆಕ್ಕು ಮರಿ ಹಾಕಿದೆ. ಮರಿಗಳು ಕಣ್ಣು ಬಿಡುವ ತನಕ ಬಳಸಲು ಬದಲಿ ಹೆಲ್ಮೆಟ್ ಕೊಡುತ್ತೀರಾ ಎಂದು ಬಹಳ ವಿನಯದಿಂದ ಕೇಳಿದ್ದಾರೆ. ನಾನಂತೂ ಕೊಡೋಣ ಎಂದೆ. ನಮ್ಮ ವ್ಯವಸ್ಥಾಪಕರು ಒಪ್ಪಲಿಲ್ಲ. ಅವರನ್ನು ನಾವು ಬೆನ್ನ ಹಿಂದೆ ವಿಷಾದ ಸಾಹೇಬರು ಎನ್ನುತ್ತೇವೆ. "ವಿಷಾದಿಸುತ್ತೇವೆ" ಎಂದು ಮುಗಿಯದ ಪತ್ರಕ್ಕೆ ಅವರು ಸಹಿ ಹಾಕಿದ ದಾಖಲೆಯೇ ಇಲ್ಲ. ಒಮ್ಮೆ ಒಬ್ಬಾಕೆ ನಮ್ಮ ಹೆಲ್ಮೆಟ್ಟನ್ನು ಬಾಯ್ತುಂಬ ಹೊಗಳಿ ಬರೆದಾಗಲೂ ವಿಷಾದಿಸಿದ್ದರು.

ನಮ್ಮಲ್ಲಿ ದೂರುಗಳಿಗೆ ಮೂರು ಉತ್ತರಗಳು ಸಿದ್ಧವಾಗಿವೆ. ಬಂದ ದೂರನ್ನು ಓದಿ, ಇದು ಒಂದನೇದು, ಇದು ಎರಡನೇದು ಎಂದು ಗುರುತು ಹಾಕಿ ಕಳಿಸುತ್ತೇವೆ. ಒಂದನೇ ಉತ್ತರ ಬಣ್ಣ, ವಾಸನೆ, ಬೆಕ್ಕು ಇತ್ಯಾದಿಗಳಿಗೆ. ಎರಡನೇ ಉತ್ತರ, "ಒಂದೇ ಸಲ ಬಿದ್ದದ್ದಕ್ಕೆ ಸೀಳಿ ಹೋಯಿತಲ್ಲ, ಇದೆಂಥ ಕಳಪೆ ಮಾಲು" ಎನ್ನುವವರಿಗೆ. ಬಿದ್ದಾಗ ಸೀಳುವುದೇ ಹೆಲ್ಮೆಟ್ಟಿನ ಧರ್ಮ. ಒಳಗಿನ ಥರ್ಮಾಕೋಲಿನಂಥ ಪದರ ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದ್ದರಿಂದ ಒಮ್ಮೆ ಬಿದ್ದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಮತ್ತೆ ಹಾಕಿಕೊಳ್ಳಬಾರದು ಎಂದು ಅದರಲ್ಲಿ ತಿಳಿಸುತ್ತೇವೆ. ಅದರ ಕೊನೆಗೆ ನಾನು ನನ್ನದೊಂದು ಸೇರಿಸಿದ್ದೆ:

ಒಡೆದದ್ದು ಟೋಪಿ, ಉಳಿದದ್ದು ತಲೆ;
ಯಾವುದಕ್ಕೆ ಹೇಳಿ ಹೆಚ್ಚಿನ ಬೆಲೆ?

ಒಬ್ಬರು ಮರುಟಪಾಲಿನಲ್ಲೇ ಬರೆದರು: "ಪದ್ಯ ಚೆನ್ನಾಗಿದೆ. ಹೆಲ್ಮೆಟ್ ಯಾವಾಗ ಕೊಡುತ್ತೀರಿ?" ವಿಮರ್ಶೆ ಎಂದರೆ ಹೀಗಿರಬೇಕು.

ಮೂರನೇ ಉತ್ತರ, ಬಿದ್ದಾಗ ಹೆಲ್ಮೆಟ್ ತಲೆಯ ಮೇಲೆ ನಿಲ್ಲಲಿಲ್ಲ, ಜಾರಿತು ಎನ್ನುವವರಿಗೆ. "ತಾವು ಗದ್ದದ ಪಟ್ಟಿಯನ್ನು ಸರಿಯಾಗಿ ಬಿಗಿದಿರಲಾರಿರಿ ಎಂದು ತಿಳಿಸಲು ವಿಷಾದಿಸುತ್ತೇವೆ." ಇದಕ್ಕೂ ಒಂದು ಬಾಲ ಉಂಟು:

ಕುದುರೆಗೆ ಲಗಾಮು, ಗದ್ದಕ್ಕೆ ಪಟ್ಟಿ;
ಇವೆರಡೂ ಇದ್ದರೆ ಸವಾರ ಗಟ್ಟಿ.

ಸಾಹೇಬರು ಮೊದಲು "ಆಫೀಸ್ ಲೆಟರ್‌ನಲ್ಲಿ ಇದೆಲ್ಲ ಯಾಕ್ರೀ?" ಎಂದಿದ್ದರು. ಆಮೇಲೆ ಸ್ನಾನದ ಮನೆಯಲ್ಲಿ ಅದನ್ನೇ ಗುನುಗಿದೆ ಎಂದು ತಾವೇ ಒಪ್ಪಿಕೊಂಡು ಬಿಟ್ಟುಬಿಟ್ಟರು.

ಕಥೆ ಶುರುವಾಗುವುದು ಈ ಮೂರನೇ ಉತ್ತರದಿಂದ. ಎರಡು ತಿಂಗಳ ಹಿಂದೆ, ಜೀನು ಲಗಾಮು ಮಾರುವ ಯಾವುದೋ ಅಂಗಡಿಯ ಮೂಲಕ ಒಂದು ದೂರು ಬಂತು. ಅಂಗಡಿಯವರ ದೂರುಗಳಲ್ಲಿ ಹೆಸರು ಇರುವುದಿಲ್ಲ, "ಒಬ್ಬ ಸವಾರಳು" ಎಂದಷ್ಟೇ. ಅಭ್ಯಾಸದ ವೇಳೆ ಕುದುರೆ ಬೆದರಿ ಹಿಂಗಾಲ ಮೇಲೆ ನಿಂತಿತು, ಹುಡುಗಿ ಹಿಂದಕ್ಕೆ ಬಿದ್ದಳು, ಬೀಳುವಾಗ ಹೆಲ್ಮೆಟ್ ಮುಂದಕ್ಕೆ, ಕಣ್ಣಿನ ಮೇಲಕ್ಕೆ ಜಾರಿತು. ಈ ವರ್ಷ ಬಂದ ಹೊಸ ಮಾದರಿ. ಅಷ್ಟೇ ಇದ್ದದ್ದು. ಅದಕ್ಕೆ ಮೂರನೇ ಉತ್ತರ ಹೋಯಿತು, ಬಾಲದ ಸಮೇತ. ಯಾರು ಗುರುತು ಹಾಕಿದ್ದು ಎಂದು ಕೇಳಬೇಡ. ಕಂತೆ ದೊಡ್ಡದಿತ್ತು, ಮನೆಗೆ ಹೊರಡುವ ಹೊತ್ತಾಗಿತ್ತು, ಚೀಲ ಆಗಲೇ ಹೆಗಲಿಗೇರಿತ್ತು.

ಮೂರನೇ ಉತ್ತರಕ್ಕೆ ಮರು ಉತ್ತರ ಬರುವುದು ಕಡಿಮೆ. ಬೈಸಿಕೊಂಡವರು ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. ಈ ಸಲ ಬಂತು. ಅಂಗಡಿಯ ರಟ್ಟಿನ ಡಬ್ಬದಲ್ಲಿ ಆ ಹೆಲ್ಮೆಟ್ಟೇ ಬಂತು, ಮೇಲೆ ಸವಾರಿ ಕಲಿಸುವ ಟೀಚರ ಒಂದು ಚೀಟಿ. ಅಕ್ಷರ ಕುದುರೆ ಓಡಿದ ಹಾಗಿತ್ತು:

"ನಿಮ್ಮ ಉತ್ತರ ತಲುಪಿತು. ಆ ದಿನ ಪಟ್ಟಿ ಬಿಗಿಯಾಗಿದೆಯೇ ಎಂದು ಅದರ ಕೆಳಗೆ ಬೆರಳು ತೂರಿಸಿ ನೋಡಿದವಳು ನಾನು. ವೈದ್ಯರು ಹುಡುಗಿಯ ತಲೆಯನ್ನು ಎಲ್ಲ ರೀತಿಯಲ್ಲೂ ಪರೀಕ್ಷೆ ಮಾಡಿ ಏನೂ ಆಗಿಲ್ಲ ಎಂದಿದ್ದಾರೆ. ತಲೆಯೊಳಗೆ ಏನು ಕೂತಿದೆಯೋ ಅದು ಅವರ ಯಂತ್ರಕ್ಕೆ ಕಾಣುವುದಿಲ್ಲ. ಆಕೆ ನನ್ನ ಮಾತನ್ನು ನಂಬುತ್ತಿಲ್ಲ, ನಿಮ್ಮ ಪತ್ರವನ್ನು ನಂಬುತ್ತಿದ್ದಾಳೆ. ತಪ್ಪು ತನ್ನದೇ, ತಾನೇ ಪಟ್ಟಿ ಸಡಿಲ ಬಿಟ್ಟಿರಬೇಕು, ತನಗೆ ಕುದುರೆ ಹತ್ತುವ ಯೋಗ್ಯತೆ ಇಲ್ಲ ಎಂದು ಸವಾರಿಯನ್ನೇ ನಿಲ್ಲಿಸಿದ್ದಾಳೆ. ನನ್ನ ಲಾಯದಲ್ಲಿ ಅವಳಷ್ಟು ಚೆನ್ನಾಗಿ ಕೂರುವವರು ಇನ್ನೊಬ್ಬರಿಲ್ಲ. ಹೆಲ್ಮೆಟ್ ಕಳಿಸಿದ್ದೇನೆ. ಈಗಲಾದರೂ ನೋಡಿ ಬರೆಯಿರಿ."

ನೋಡಿ ಬರೆಯಿರಿ. ಇಷ್ಟು ವರ್ಷದಲ್ಲಿ ಯಾರೂ ನಮಗೆ ಇಷ್ಟು ಚಿಕ್ಕದಾಗಿ ಇಷ್ಟು ಚೆನ್ನಾಗಿ ಬೈದಿರಲಿಲ್ಲ.

ಡಬ್ಬದಿಂದ ಹೆಲ್ಮೆಟ್ ತೆಗೆದೆ. ಹೊರಗಿನಿಂದ ಸಣ್ಣ ಗೀರು, ಅಷ್ಟೇ. ಕುದುರೆಯ ವಾಸನೆ, ಬೆವರಿನ ವಾಸನೆ, ಪಟ್ಟಿಯ ಮೇಲೆ ಬೆವರೊಣಗಿದ ಬಿಳಿ ಗೆರೆ. ಗದ್ದ ತಾಗುವಲ್ಲಿ ಯಾರೋ ಒಂದು ತುಂಡು ನೀಲಿ ಬಟ್ಟೆ ಸುತ್ತಿ ಕೈಯಲ್ಲೇ ಹೊಲಿದಿದ್ದರು, ಪಟ್ಟಿ ಚರ್ಮಕ್ಕೆ ಉಜ್ಜದಿರಲಿ ಎಂದು. ಹೊಲಿಗೆ ಸುಮಾರು.

ಬಂದ ಹೆಲ್ಮೆಟ್ಟನ್ನು ಗರಗಸದಲ್ಲಿ ನಡುವೆ ಸೀಳಿ ಒಳಗಿನ ಪದರ ನೋಡುವುದು ನಮ್ಮ ಪದ್ಧತಿ. ಒಂದು ಹೋಳು ನಮ್ಮ ಕಪಾಟಿಗೆ, ಇನ್ನೊಂದು ಉತ್ತರದ ಜೊತೆ ಸವಾರರಿಗೆ. ಹಾಗೆ ಮಾಡಿದರೆ ಅವರೂ ಕಣ್ಣಾರೆ ನೋಡುತ್ತಾರೆ, ಮತ್ತೆ ಅದನ್ನೇ ತಲೆಗೇರಿಸುವ ಆಸೆಯೂ ಇರುವುದಿಲ್ಲ. ಸರಿ, ಅದನ್ನು ಎತ್ತಿಕೊಂಡು ಗರಗಸದ ಕೋಣೆಗೆ ಹೋದೆ.

ಇಲ್ಲಿಗೆ ಇವತ್ತು ಸಾಕು. ನಿಮ್ಮಪ್ಪ ಬಂದು, "ಏನೇ ಅದು, ಪತ್ರನಾ ಕಾದಂಬರಿನಾ?" ಎನ್ನುತ್ತಿದ್ದಾರೆ. ಬ್ರೇಕೂ ಒತ್ತಿದರು.


ಮಂಗಳವಾರ, ಕ್ಯಾಂಟೀನಿನ ಕಿಟಕಿ ಪಕ್ಕ

ಚಹಾ ಆರುವ ಮೊದಲು ಮುಂದುವರಿಸುತ್ತೇನೆ.

ಗರಗಸ ನಡೆಸುವಾಕೆ ನನಗಿಂತ ಚಿಕ್ಕವಳು, ಆದರೂ ಎಲ್ಲರೂ ಅವಳನ್ನು ಗರಗಸದಕ್ಕ ಎನ್ನುತ್ತಾರೆ. ಅವಳ ಬಾಯಿ, ಗರಗಸ ಎರಡೂ ಒಂದೇ ಸ್ವಿಚ್ಚಿಗೆ ಜೋಡಿಸಿದ ಹಾಗೆ ಒಟ್ಟಿಗೇ ಓಡುತ್ತವೆ.

"ಬನ್ನಿ ಬನ್ನಿ, ಪದ್ಯದಮ್ಮ ಬಂದ್ರು! ಏನು, ಮೇಜು ಬಿಟ್ಟು ಈ ಕಡೆ? ದಾರಿ ತಪ್ತಾ?"

"ಇದನ್ನ ಸೀಳ್ಬೇಕು. ನಾನೇ ಹಿಡ್ಕೋತೀನಿ."

"ನೀವಾ? ಧೂಳು ಅಂತ ಬಾಗಿಲಲ್ಲೇ ನಿಂತ್ಕೊಳ್ತಿದ್ದೋರು? ಸರಿ, ಗಟ್ಟಿಯಾಗಿ ಹಿಡೀರಿ. ಅಯ್ಯೋ, ಏನಕ್ಕಾ, ಕೈ ನಡುಗ್ತಿದೆ?"

"ಚಹಾ ಜಾಸ್ತಿ ಆಯ್ತು."

"ಕಮ್ಮಿ ಮಾಡಿ. ನಮ್ಮತ್ತೆಗೂ ಹಿಂಗೇ ಶುರುವಾಗಿದ್ದು," ಎಂದು ಅತ್ತೆಯ ಕಥೆ ಹೇಳುತ್ತಲೇ ಸೀಳಿದಳು. ಎರಡು ಹೋಳು ಮೇಜಿನ ಮೇಲೆ ತೆಂಗಿನ ಚಿಪ್ಪಿನ ಹಾಗೆ ಬಿದ್ದವು. ಅವಳು ಒಂದನ್ನೆತ್ತಿ ಬಿಳಿ ಪದರದ ಮೇಲೆ ಹೆಬ್ಬೆರಳು ಓಡಿಸಿದಳು. ನಮ್ಮಲ್ಲಿ ಎಲ್ಲರೂ ಹಾಗೇ ನೋಡುವುದು. ಜಜ್ಜಿದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಬೆರಳು ಹಿಂದಕ್ಕೆ ಹೋಯಿತು, ಕೆಳಗೆ ಹೋಯಿತು, ತೀರಾ ಅಂಚಿಗೆ ಹೋಗಿ ನಿಂತಿತು. ಅತ್ತೆಯ ಕಥೆಯೂ ನಿಂತಿತು.

"ಅಕ್ಕಾ, ಪೆಟ್ಟು ಅಂಚಿಗೆ ಬಿದ್ದಿದೆ."

"ಹ್ಞೂಂ."

"ಅಂದ್ರೆ ಆ ಹೊತ್ತಿಗೆ ಟೋಪಿ ಮುಂದಕ್ಕೆ ಹೋಗಿಬಿಟ್ಟಿತ್ತು. ಇನ್ನೊಂದು ಬೆರಳಗಲ ಜಾರಿದ್ರೆ..."

ಅವಳು ಮಾತು ಅರ್ಧಕ್ಕೆ ಬಿಟ್ಟಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನಾನೂ ಹೆಬ್ಬೆರಳಿಟ್ಟು ನೋಡಿದೆ. ಉಗುರು ಮುಚ್ಚುವಷ್ಟು ಆಳ.

ಹೋಳುಗಳನ್ನೂ ಚೀಟಿಯನ್ನೂ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ನೋಡಿ, "ಪಟ್ಟಿ ಬಿಗಿದಿಲ್ಲ, ಮೂರನೇದೇ ಸರಿ," ಎಂದರು.

"ಬಿಗಿದಿದ್ದರು ಸರ್. ಟೀಚರ್ ಬರೆದಿದ್ದಾರೆ."

"ನೋಡೀಮ್ಮಾ, ನಾನು ಈ ಕುರ್ಚಿಗೆ ಬಂದು ತಲೆಕೂದಲು ಹೋಯ್ತು. 'ಪಟ್ಟಿ ಬಿಗಿಯೋದು ಮರೆತಿದ್ದೆ' ಅಂತ ಬರೆದವರು ಇಲ್ಲೀತನಕ ಒಬ್ಬರಿಲ್ಲ. ಎಲ್ಲರೂ ಬಿಗಿದೋರೇ!"

"ಹಾಗಾದ್ರೆ ನಿಜವಾಗಿ ಬಿಗಿದವರು ಏನಂತ ಬರೀಬೇಕು ಸರ್?"

ಸಾಹೇಬರು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದರು. ಅವರು ಕೆಟ್ಟವರಲ್ಲ, ಮಿಡತೆ. ಬಹಳ ವರ್ಷ ವಿಷಾದಿಸಿ ವಿಷಾದಿಸಿ ಅದು ಕೈಗೆ ಅಭ್ಯಾಸವಾಗಿದೆ, ಅಷ್ಟೇ. ನಿಮ್ಮಪ್ಪನ ಕಾಲಿನ ಹಾಗೆ.

"ಪರೀಕ್ಷೆ ಕೋಣೇಲಿ ಈ ಮಾದರಿ ಪಾಸಾಗಿದೆ," ಎಂದರು. "ಹೊಸ ಕೊಂಡಿ ಬಂದಾಗ ಮತ್ತೊಂದ್ಸಲ ಎಳೆದು ನೋಡಿದ್ದಾರೆ. ಕೂದಲೆಳೆಯಷ್ಟೂ ಜಾರಿಲ್ಲ."

ಹೊಸ ಕೊಂಡಿ ಎಂದರೆ ಕಿವಿಯ ಕೆಳಗೆ ಪಟ್ಟಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ. ಹಳೆಯದು ಒರಟು, ನೋಡಲು ಸೊಟ್ಟ. ಹೊಸದು ನುಣುಪು, ಹೊಳಪು, ಜಾಹೀರಾತಿನಲ್ಲಿ ಚೆಂದ ಕಾಣುತ್ತದೆ.

"ಸರ್, ಪರೀಕ್ಷೆ ಕೋಣೆಯ ತಲೆ ಕಟ್ಟಿಗೇದು. ಅದು ಬೆವರೋದಿಲ್ಲ," ಎಂದೆ. ಪಟ್ಟಿಯ ಮೇಲಿನ ಬಿಳಿ ಗೆರೆ ಅಂದು ಬೆಳಿಗ್ಗೆಯಿಂದ ನನ್ನ ಕಣ್ಣ ಮುಂದೆಯೇ ಇತ್ತು.

"ಬೆವರೋ ತಲೆ ಎಲ್ಲಿಂದ ತರೋಣ ಈಗ?"

ಟೈಪಿಸ್ಟು ತಲೆಯೆತ್ತಿ ಸಾಹೇಬರ ತಲೆಯನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಗರಗಸದಕ್ಕ ನೋಡಿದಳು. ನಾನೂ ನೋಡಿದೆ. ನಮ್ಮ ಸಾಹೇಬರ ಕುರ್ಚಿಯ ಬೆನ್ನಿಗೆ ಯಾವಾಗಲೂ ಒಂದು ಟವೆಲ್ ತೂಗುತ್ತದೆ, ಚಳಿಗಾಲದಲ್ಲೂ. ಫ್ಯಾನಿನ ಕೆಳಗೆ ಕುಳಿತು ಸಹಿ ಹಾಕಿದರೆ ಕಾಗದದ ಮೇಲೆ ಎರಡು ಹನಿ ಬೀಳುವ ತಲೆ ಅದು.

"ಏನ್ರೀ ಎಲ್ಲ ಹಿಂಗ್ ನೋಡ್ತಿದ್ದೀರಿ?" ಎಂದವರು, ಅರ್ಥವಾಗಿ, ಟವೆಲಿನಿಂದ ಹಣೆ ಒರೆಸಿಕೊಂಡು, "ಸರಿ, ತನ್ನಿ," ಎಂದರು. ಅದಕ್ಕೇ ಹೇಳಿದ್ದು, ಕೆಟ್ಟವರಲ್ಲ ಎಂದು.

ಉಗ್ರಾಣದಿಂದ ಅದೇ ಮಾದರಿಯ ಹೊಸ ಹೆಲ್ಮೆಟ್ ತಂದೆವು. ಪಟ್ಟಿ ಅವರೇ ಬಿಗಿದುಕೊಂಡರು. ನಾನು ಬೆರಳು ತೂರಿಸಿ ನೋಡಿದೆ, ಗರಗಸದಕ್ಕ ನೋಡಿದಳು, ಟೈಪಿಸ್ಟೂ ಒಂದು ಸಲ ನೋಡಿ ಪುಣ್ಯ ಕಟ್ಟಿಕೊಂಡಳು. ಆಮೇಲೆ ಸಾಹೇಬರನ್ನು ಉಗ್ರಾಣದ ಮೆಟ್ಟಿಲು ಹತ್ತಿಸಿ ಇಳಿಸಿದೆವು. ಮತ್ತೆ ಹತ್ತಿಸಿದೆವು. ಕುದುರೆ ಕುಕ್ಕುತ್ತದಲ್ಲ ಸರ್ ಎಂದು ಒಂದಷ್ಟು ಕುಣಿಸಿದೆವು. ಬಣ್ಣದ ವಿಭಾಗದವರು ಕೆಲಸ ಬಿಟ್ಟು ಬಂದು ಸಾಲಾಗಿ ನಿಂತರು. ಯಾರೋ ಹಿಂದಿನಿಂದ ಸಣ್ಣಗೆ ಕುದುರೆಯಂತೆ ಕೆನೆದರು. ಯಾರೆಂದು ಇನ್ನೂ ಪತ್ತೆಯಾಗಿಲ್ಲ.

ಸಾಹೇಬರು ಏದುಸಿರು ಬಿಡುತ್ತಾ ಬಂದು ನಿಂತರು. ಮುಖದಿಂದ ನೀರು ಧಾರೆ. "ನೋಡಿದ್ರಾ? ಅಲ್ಲಾಡಿಲ್ಲ! ಪಟ್ಟಿ ಸರಿಯಾಗಿ ಬಿಗಿದ್ರೆ ಈ ಹೆಲ್ಮೆಟ್ಟು ಭೂಮಿ ತಲೆಕೆಳಗಾದ್ರೂ..."

ಅಷ್ಟರಲ್ಲಿ ಗರಗಸದಕ್ಕ ಹಿಂದೆ ಬಂದು, ಹೆಲ್ಮೆಟ್ಟಿನ ಹಿಂದಂಚಿಗೆ ಎರಡು ಬೆರಳಿಟ್ಟು, ಮೆಲ್ಲಗೆ ಮೇಲಕ್ಕೆ ದೂಡಿದಳು. ನುಣುಪು ಕೊಂಡಿಯಲ್ಲಿ ಒದ್ದೆ ಪಟ್ಟಿ ಬೆಣ್ಣೆಯಲ್ಲಿ ಕೂದಲಿನಂತೆ ಜಾರಿತು. ಹೆಲ್ಮೆಟ್ ಇಡೀ ಮುಂದಕ್ಕೆ ಬಂದು ಸಾಹೇಬರ ಮೂಗಿನ ಮೇಲೆ ಕುಳಿತಿತು.

ಒಳಗಿನಿಂದ ಅವರ ಧ್ವನಿ: "ಲೈಟ್ ಯಾಕ್ರೀ ಆರಿಸಿದ್ರಿ?"

ನಾವು ನಕ್ಕಿದ್ದಕ್ಕೆ ಉಗ್ರಾಣದ ಪಾರಿವಾಳಗಳು ಹಾರಿಹೋದವು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಸಾಹೇಬರು ಮಾತ್ರ ಹೆಲ್ಮೆಟ್ ಮೇಲೆತ್ತಿ, ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಕೈಯನ್ನು ತಲೆಯ ಹಿಂದೆ ಒಯ್ದು, ಬರಿದಾಗಿದ್ದ ಜಾಗವನ್ನು ಮುಟ್ಟಿ ನೋಡಿಕೊಂಡರು. ನಗು ತಾನಾಗಿ ನಿಂತಿತು.

"ಈ ಮಾದರಿ ಒಂದೂ ಆಚೆ ಹೋಗ್ಬಾರ್ದು. ಲಾರಿಗೆ ಹಾಕಿದ್ದನ್ನೂ ಇಳಿಸ್ರಿ," ಎಂದರು.

ಮೇಲಿನವರಿಗೆ ಅಲ್ಲಿಂದಲೇ ಫೋನ್ ಮಾಡಿದರು, ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು. ಆ ಕಡೆಯಿಂದ, ಒಂದೇ ದೂರಿಗೆ ಇಷ್ಟೆಲ್ಲ ಯಾಕೆ, ಇನ್ನೂ ನಾಲ್ಕಾರು ಬರಲಿ, ಕಾದು ನೋಡೋಣ ಎಂದಿರಬೇಕು. ನಮ್ಮ ಸಾಹೇಬರು ಬಹಳ ವಿನಯವಾಗಿ ಹೇಳಿದರು: "ಕಾಯೋಣ ಸರ್, ಧಾರಾಳವಾಗಿ. ಒಟ್ಟು ಎಷ್ಟು ತಲೆ ಬೇಕು ಅಂತ ಒಂದು ಸಾಲು ಬರೆದು ಸಹಿ ಮಾಡಿ ಕೊಟ್ಬಿಡಿ. ನಾನು ಅಷ್ಟಾಗೋ ತನಕ ವಿಷಾದಿಸ್ತಾ ಇರ್ತೀನಿ."

ಆ ಸಹಿ ಯಾರೂ ಮಾಡಲಿಲ್ಲ. ಬೇರೆ ಸಹಿ ನಿನ್ನೆ ಬಿತ್ತು. ಆ ಮಾದರಿ ಕೊಂಡ ಎಲ್ಲರಿಗೂ, ಎಲ್ಲ ಅಂಗಡಿಗಳಿಗೂ ಪತ್ರ ಹೋಗುತ್ತದೆ. ಹಳೆಯ ಒರಟು ಕೊಂಡಿ ಮತ್ತೆ ಬರುತ್ತದೆ. ಕಂಪನಿಯ ಚರಿತ್ರೆಯಲ್ಲೇ ಮೊದಲ ಬಾರಿಗೆ ನಾಲ್ಕನೇ ಉತ್ತರ ಹುಟ್ಟಿತು. ಬರೆದವಳು ನಾನು. ಪೂರ್ತಿ ಪಾಠ ಇಷ್ಟೇ:

"ತಪ್ಪು ನಮ್ಮದು. ನೀವು ಪಟ್ಟಿ ಬಿಗಿದಿದ್ದಿರಿ, ಕೊಂಡಿ ಹಿಡಿಯಲಿಲ್ಲ. ಈ ಹೆಲ್ಮೆಟ್ಟನ್ನು ಹಾಕಿಕೊಳ್ಳಬೇಡಿ, ವಾಪಸು ಕಳಿಸಿ. ಹೊಸದು ಕಳಿಸುತ್ತೇವೆ."

ಸಾಹೇಬರು ಓದಿ, "ಪದ್ಯ ಇಲ್ವಾ?" ಎಂದರು.

"ಇಲ್ಲ ಸರ್."

"ವಿಷಾದಾನೂ ಇಲ್ವಲ್ರೀ?"

"ಅದು ನಿಮ್ಮ ಇಷ್ಟ ಸರ್."

ಅವರು ಯೋಚಿಸಿ, ವಿಷಾದವನ್ನೂ ಸೇರಿಸದೆ ಸಹಿ ಹಾಕಿದರು. ಆಫೀಸಿಗೆ ಆಫೀಸೇ ಎದ್ದು ನಿಂತು ನೋಡಿತು. ಸಹಿಯ ಮೇಲೆ ಎಂದಿನಂತೆ ಎರಡು ಹನಿ.

ಚಹಾ ಆರಿತು. ಇನ್ನು ಉಪದೇಶ, ಅಮ್ಮನ ಪತ್ರ ಎಂದ ಮೇಲೆ ಇಷ್ಟಾದರೂ ಇರಬೇಡವೇ? ಹೆಲ್ಮೆಟ್ಟನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡ, ಒಳಗಿನ ಪದರ ಸೊರಗುತ್ತದೆ. ಬೇರೆಯವರ ತಲೆಗೆ ಕೊಡಬೇಡ, ಬೇರೆಯವರದು ನಿನ್ನ ತಲೆಗೆ ಬೇಡ. ಕೈಜಾರಿ ಕಲ್ಲಿನ ಮೇಲೆ ಬಿದ್ದರೂ ತೋರಿಸದೆ ಹಾಕಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಜಮೀನ್ದಾರನಿಗೂ ಉಣಿಸು. ಅವನಿಗೆ ನೆಗಡಿ ವಾಸಿಯಾದರೆ ನನ್ನ ನಮಸ್ಕಾರ ತಿಳಿಸು. ಕುದುರೆಯ ಬೆನ್ನು ನಿನಗೆ ಹಗುರವಾಗಲಿ, ನೆಲ ನಿನ್ನಿಂದ ದೂರವಿರಲಿ; ಏರುವಾಗ ಧೈರ್ಯ ಬರಲಿ, ಇಳಿಯುವಾಗ ನಗು ಇರಲಿ.

ಇಂತಿ, ಊರೆಲ್ಲರ ದೂರಿಗೆ ಕಿವಿಗೊಟ್ಟು ಮಗಳ ಅರ್ಧ ಹಾಳೆಯನ್ನು ಸಕ್ಕರೆ ಡಬ್ಬದ ಕೆಳಗಿಟ್ಟ,
ನಿನ್ನ ಅಮ್ಮ

ತಾ.ಕ.: ಈ ಪತ್ರದ ಜೊತೆ ಒಂದು ದೊಡ್ಡ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಹೊಸ ಹೆಲ್ಮೆಟ್ ಇದೆ, ಒರಟು ಕೊಂಡಿಯದು. ಜೊತೆಗೆ ಸೀಳಿದ ಒಂದು ಹೋಳು ಇದೆ. ಪದ್ಧತಿಯಂತೆ ಅದು ಸವಾರಳಿಗೆ ಸೇರಬೇಕು.

ಸಾಕು ನಾಟಕ. ಆ ಸವಾರಳು ನೀನು. ಡಬ್ಬ ತೆರೆದಾಗಲೇ ಗೊತ್ತಾಯಿತು. ಆ ನೀಲಿ ಚೂರು ಅಪ್ಪನ ಹಳೆಯ ಅಂಗಿಯದು, ಆ ಸುಮಾರು ಹೊಲಿಗೆ ನನ್ನದು. ಅವತ್ತು ಮಧ್ಯಾಹ್ನ ನಿನಗೆ ಫೋನ್ ಮಾಡಿ, ತಲೆನೋವು ಗಿಲೆನೋವು ಏನಾದರೂ ಇದೆಯೇನೇ ಎಂದು ಸುಮ್ಮನೆ ಕೇಳಿದೆ. "ಯಾಕಮ್ಮಾ? ಇಲ್ಲಪ್ಪ," ಎಂದು ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ಹೋಗಿ ಗರಗಸಕ್ಕೆ ಹಿಡಿದೆ.

ಟೀಚರ ಚೀಟಿಯಲ್ಲಿದ್ದ ಒಂದು ಸಾಲನ್ನು ಮೇಲೆ ಬಿಟ್ಟಿದ್ದೇನೆ. "ನಿಮ್ಮ ಪದ್ಯ ಅವಳಿಗೆ ಬಾಯಿಪಾಠವಾಗಿದೆ." ಗುರುತು ಹಾಕಿದ ಕೈ ನನ್ನದು, ಹೆಗಲಿಗೇರಿದ್ದ ಚೀಲವೂ ನನ್ನದು. ಅಮ್ಮ ಗಾಬರಿಯಾದಾಳೆಂದು ಅಂಗಡಿಯ ಹೆಸರಿನಲ್ಲಿ ನೀನು ಅಪರಿಚಿತಳಂತೆ ಕೇಳಿದೆ, ನಾನು ಅಪರಿಚಿತಳಿಗೆ ಹೇಳುವಂತೆಯೇ ಹೇಳಿದೆ, ಪ್ರಾಸ ಹಾಕಿ. ಆ ಪ್ರಾಸ ಯಾರದೆಂದು ನಿನಗೆ ಗೊತ್ತಿತ್ತು. ಅದಕ್ಕೇ ಟೀಚರನ್ನು ನಂಬದೆ ಅದನ್ನು ನಂಬಿದೆ. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬರೆದು ಮಾಡಿದ ಗಾಯಕ್ಕೆ ಬರೆದೇ ಮದ್ದು ಹಾಕಬೇಕು ಎನಿಸಿತು, ಅದೂ ಕೈಯಲ್ಲಿ ಸಾಕ್ಷಿ ಇಟ್ಟುಕೊಂಡು.

ಅಪ್ಪನಿಗೆ ನಿನ್ನೆ ಹೇಳಿದೆ. ಕುಳಿತಲ್ಲೇ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದರು. ಬಹಳ ಹೊತ್ತು ತೆಗೆಯಲೇ ಇಲ್ಲ.

ಇನ್ನೊಂದು ಹೋಳು ಕಪಾಟಿಗೆ ಹೋಗಲಿಲ್ಲ. ನನ್ನ ಮೇಜಿನ ಮೇಲಿದೆ. ಪ್ರತಿ ದೂರಿಗೆ ಗುರುತು ಹಾಕುವ ಮೊದಲು ಆ ಅಂಚಿನ ಗುಳಿಯಲ್ಲಿ ಹೆಬ್ಬೆರಳು ಇಡುತ್ತೇನೆ. ಅಲ್ಲಿಗೆ ಪ್ರಾಸ ಬರುವುದಿಲ್ಲ, ಮಗಳೇ.

ಪಟ್ಟಿಯನ್ನು ನೀನು ಬಿಗಿದಿದ್ದೆ. ಸರಿಯಾಗಿಯೇ ಬಿಗಿದಿದ್ದೆ.